ಅಪ್ಪನ ಕೆಂಪು ಮಾರುತಿ ಮತ್ತು ಐದು ಪ್ಯಾಡುಗಳು

ಈ ಸಲ ಮಾನವಮಿಗೆಂದು ಊರಿಗೆ ಹೊರಟಾಗ ನನ್ನ ಬ್ಯಾಗಿನಲ್ಲಿ ಬಟ್ಟೆಗಿಂತ ಪಾಲಿಶ್ ಸಾಮಾನೇ ಹೆಚ್ಚಿತ್ತು. ಗೆಳೆಯನ ಹತ್ತಿರ ಕಡ ತಂದ ಮಶೀನು, ಐದು ಪ್ಯಾಡು, ಮೂರು ಬಾಟಲಿ, ಒಂದು ಡಜನ್ ಮೈಕ್ರೋಫೈಬರ್ ಬಟ್ಟೆ. ಬಸ್ಸಿನ ಕ್ಲೀನರ್ ಹುಡುಗ ಚೀಲ ಎತ್ತಿ ಡಿಕ್ಕಿಗೆ ಹಾಕುತ್ತ "ಏನ್ರಿ ಸರ, ಹಿಟ್ಟಿನ ಗಿರಣಿ ಒಯ್ಯಾಕತ್ತೀರೇನ್ರಿ?" ಅಂದ. ಹೇಳಿದರೆ ನಗುತ್ತಾನೆ ಅಂತ ಸುಮ್ಮನಾದೆ. ನಿಮಗೆ ಹೇಳುತ್ತಿದ್ದೇನೆ, ನೀವೂ ನಗಬಹುದು :-)

ನಮ್ಮೂರು ಹುನ್ನೂರ, ಜಮಖಂಡಿ ತಾಲೂಕು. ಎತ್ತ ನೋಡಿದರೂ ಕಬ್ಬು. ನೀರಾವರಿ ಹೆಚ್ಚಾಗಿ ಸುತ್ತಮುತ್ತ ಎಷ್ಟೋ ಹೊಲ ಸವಳು-ಜವಳು ಆಗಿವೆ. ನಮ್ಮ ಮನೆಯ ಬೋರಿನ ನೀರು ಎಷ್ಟು ಗಡಸು ಅಂದರೆ ಬಕೆಟ್ಟಿನ ಒಳಗೆಲ್ಲ ಬಿಳಿ ಪೊರೆ ಕಟ್ಟುತ್ತದೆ. ಹಂಗಾಮು ಶುರುವಾಯಿತೆಂದರೆ ಕಟಾವಾದ ಹೊಲಗಳಲ್ಲಿ ರವದಿಗೆ ಬೆಂಕಿ ಹಚ್ಚುತ್ತಾರೆ. ಕರಿ ಬೂದಿ ಎಳೆಎಳೆಯಾಗಿ ಹಾರಿ ಬಂದು ಒಣಹಾಕಿದ ಬಟ್ಟೆ, ಹಪ್ಪಳ, ಕಾರು ಎಲ್ಲದರ ಮೇಲೂ ಕೂರುತ್ತದೆ. ಇಂಥ ಊರಿನಲ್ಲಿ ಒಂದು ಕೆಂಪು ಕಾರು ಇಪ್ಪತ್ತು ವರ್ಷ ಕಳೆದರೆ ಹೇಗಿರುತ್ತದೆ ಅಂತ ನೀವೇ ಊಹಿಸಿಕೊಳ್ಳಿ.

ಅಪ್ಪನ ಮಾರುತಿ 800. 2004ರಲ್ಲಿ ಕೊಂಡದ್ದು, ನಾನಾಗ ಎರಡನೆಯ ಇಯತ್ತೆ. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರು, ಈಗ ನಿವೃತ್ತರು. ಕಂಪನಿಯವರು 2014ರಲ್ಲಿ ಆ ಕಾರು ತಯಾರಿಸುವುದನ್ನೇ ನಿಲ್ಲಿಸಿದರೂ ಅಪ್ಪ ಓಡಿಸುವುದನ್ನು ನಿಲ್ಲಿಸಿಲ್ಲ. ದಿನಾ ಬೆಳಿಗ್ಗೆ ಚಹಾ ಕುಡಿದ ಮೇಲೆ ಹಳೆಯ ಧೋತರದ ತುಂಡು ಹಿಡಿದು ಇಡೀ ಕಾರು ಒರೆಸುತ್ತಾರೆ. ಒಣ ಬಟ್ಟೆ, ಗುಂಡಗೆ ಗುಂಡಗೆ. ಮಳೆಗಾಲ, ಬೇಸಿಗೆ, ಹಬ್ಬ, ಸೂತಕ ಯಾವುದಕ್ಕೂ ತಪ್ಪಿಲ್ಲ. ಭಾವ ಎರಡು ವರ್ಷದಿಂದ "ಗುಜರಿಗೆ ಹಾಕ್ರಿ ಮಾಮಾರ" ಅನ್ನುತ್ತಿದ್ದಾರೆ. ಕೆಂಪು ಬಣ್ಣ ಗುಲಾಬಿ ಆಗಿದೆ, ಕೈ ಆಡಿಸಿದರೆ ಸುಣ್ಣದ ಹಾಗೆ ಕೈಗೆ ಹತ್ತುತ್ತದೆ. ನೋಡಿದವರಿಗೆ ಗುಜರಿಯೇ ಅನ್ನಿಸುತ್ತದೆ. ಒಮ್ಮೆ ಫಳಫಳ ಹೊಳೆಯುವ ಹಾಗೆ ಮಾಡಿ ತೋರಿಸಿದರೆ ಭಾವನ ಬಾಯಿ ಮುಚ್ಚುತ್ತದೆ ಅನ್ನುವುದು ನನ್ನ ಹಂಚಿಕೆ.

ಈ ಹುಚ್ಚು ನನಗೆ ಹತ್ತಿದ್ದು ಬೆಂಗಳೂರಿನಲ್ಲಿ. ಎರಡು ವರ್ಷದ ಹಿಂದೆ ಒಂದು ಸೆಕೆಂಡ್ ಹ್ಯಾಂಡ್ ಬೂದು ಬಣ್ಣದ ಕಾರು ತೆಗೆದುಕೊಂಡೆ. ಒಬ್ಬ ಪೇಂಟರ್ ಹತ್ತಿರ ರೋಟರಿ ಮಶೀನು ಮತ್ತು ಉಣ್ಣೆ ಪ್ಯಾಡು ಇಸಿದುಕೊಂಡು, ನಾಲ್ಕು ವಿಡಿಯೋ ನೋಡಿದ ಧೈರ್ಯದಲ್ಲಿ ಬಾನೆಟ್ಟಿನ ಅಂಚಿಗೆ ಹಚ್ಚಿದೆ. ಹತ್ತು ಸೆಕೆಂಡು ಆಗಿರಬೇಕು, ಒಂದು ರೂಪಾಯಿ ನಾಣ್ಯದಷ್ಟು ಜಾಗದಲ್ಲಿ ಬಣ್ಣವೇ ಹೋಗಿ ಕೆಳಗಿನ ಪ್ರೈಮರ್ ಕಂಡಿತು. ನಮ್ಮ ಕೆಲಸದಲ್ಲಿ ಏನೇ ತಪ್ಪು ಮಾಡಿದರೂ ಹಳೆಯ ವರ್ಷನ್ನಿಗೆ ಹಿಂದಿರುಗಬಹುದು. ಬಣ್ಣಕ್ಕೆ ಕಂಟ್ರೋಲ್ ಝಡ್ ಇಲ್ಲ ಸ್ವಾಮಿ. ಆ ಕಲೆ ಇವತ್ತಿಗೂ ಇದೆ.

ಆಮೇಲೆ ಸರಿಯಾಗಿ ಓದಿಕೊಂಡೆ. ಪಾಲಿಶ್ ಅಂದರೆ ಏನೋ ಹಚ್ಚಿ ಹೊಳಪು ಬರಿಸುವುದು ಅಂತ ನಾನೂ ತಿಳಿದಿದ್ದೆ. ಅದು ಹಚ್ಚುವ ಕೆಲಸ ಅಲ್ಲವೇ ಅಲ್ಲ, ಕೆರೆದು ತೆಗೆಯುವ ಕೆಲಸ. ಗೀರು ಅಂದರೆ ಒಂದು ಸಣ್ಣ ಕಾಲುವೆ. ಕಾಲುವೆಯನ್ನು ತುಂಬಲು ಬರುವುದಿಲ್ಲ, ಆದ್ದರಿಂದ ಸುತ್ತಲಿನ ಹೊಲವನ್ನೇ ಅದರ ತಳದ ಮಟ್ಟಕ್ಕೆ ಇಳಿಸುವುದು. ಈಗಿನ ಕಾರುಗಳಲ್ಲಿ ಬಣ್ಣದ ಮೇಲೆ ಕ್ಲಿಯರ್ ಕೋಟ್ ಅಂತ ಒಂದು ಪಾರದರ್ಶಕ ಪದರ ಇರುತ್ತದೆ, ಸುಮಾರು 40ರಿಂದ 50 ಮೈಕ್ರಾನ್. ನಮ್ಮ ತಲೆಗೂದಲು ಸುಮಾರು 70 ಮೈಕ್ರಾನ್ ಇರುತ್ತದೆ. ಕೂದಲಿಗಿಂತ ತೆಳ್ಳಗಿನ ಹೊಲ! ಅದರಲ್ಲಿ ಎಷ್ಟು ಸಲ ಮಟ್ಟ ಮಾಡುತ್ತೀರಿ? ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರಿದ್ದರೆ ಸುಮ್ಮನೆ ಬಿಡುವುದೇ ಸರಿ.

ಮಶೀನಿನಲ್ಲಿ ಎರಡು ಜಾತಿ. ರೋಟರಿ ಒಂದೇ ಅಚ್ಚಿನ ಮೇಲೆ ಗಿರ್ರನೆ ತಿರುಗುತ್ತದೆ, ಬೇಗ ಕೆರೆಯುತ್ತದೆ, ಬೇಗ ಕಾಯುತ್ತದೆ, ನನ್ನಂಥವರ ಕೈಯಲ್ಲಿ ಬೇಗ ಸುಡುತ್ತದೆ. ಡ್ಯುಯಲ್ ಆಕ್ಷನ್ ಅಂದರೆ ತಿರುಗುತ್ತಲೇ ಅತ್ತಿತ್ತ ಓಲಾಡುವಂಥದ್ದು. ಜೋರಾಗಿ ಒತ್ತಿದರೆ ತಿರುಗುವುದನ್ನೇ ನಿಲ್ಲಿಸಿಬಿಡುತ್ತದೆ, ಹೀಗಾಗಿ ಹೊಸಬರಿಗೆ ಕ್ಷೇಮ. (ಪ್ಯಾಡ್ ಕೂರುವ ತಟ್ಟೆಯ ಅಂಚಿಗೆ ಮಾರ್ಕರಿನಲ್ಲಿ ಒಂದು ಗೆರೆ ಎಳೆದುಕೊಳ್ಳಿ. ಗೆರೆ ತಿರುಗುವುದು ಕಂಡರೆ ಕೆಲಸ ನಡೆದಿದೆ, ನಿಂತಿದ್ದರೆ ನೀವು ಸುಮ್ಮನೆ ಕಾರನ್ನು ನಡುಗಿಸುತ್ತಿದ್ದೀರಿ.) ನಾನು ಒಯ್ದದ್ದು ಇದನ್ನೇ.

ಇನ್ನು ಪ್ಯಾಡು. ಎಲ್ಲರೂ ಬಾಟಲಿ ಯಾವುದು ಅಂತ ಕೇಳುತ್ತಾರೆ, ಪ್ಯಾಡ್ ಯಾವುದು ಅಂತ ಕೇಳುವವರು ಕಡಿಮೆ. ಒಂದೇ ಪಾಲಿಶನ್ನು ಮೆತ್ತಗಿನ ಫೋಮಿಗೆ ಹಾಕಿದರೆ ಸವರುತ್ತದೆ, ಗಟ್ಟಿ ಫೋಮಿಗೆ ಹಾಕಿದರೆ ಕೆರೆಯುತ್ತದೆ, ಉಣ್ಣೆಗೆ ಹಾಕಿದರೆ ಕಿತ್ತು ತರುತ್ತದೆ. ಉಣ್ಣೆ ಎಲ್ಲಕ್ಕಿಂತ ಒರಟು. ಆಮೇಲೆ ಮೈಕ್ರೋಫೈಬರ್. ಆಮೇಲೆ ಫೋಮ್, ಅದರಲ್ಲೇ ಗಟ್ಟಿ, ನಡು, ಮೆತ್ತಗೆ ಅಂತ ಮೂರು ಮೆಟ್ಟಿಲು.

ಬಣ್ಣ ನೋಡಿ ಪ್ಯಾಡ್ ಕೊಳ್ಳಬೇಡಿ ಅನ್ನುವುದು ನನ್ನ ಮೊದಲ ಬುದ್ಧಿಮಾತು. ಅಮೆರಿಕದ ಲೇಕ್ ಕಂಟ್ರಿಯವರ ಹಳದಿ ಫೋಮ್ ಅಂದರೆ ಜೋರಾಗಿ ಕೆರೆಯುವುದು. ಇಟಲಿಯ ರೂಪೆಸ್‌ನವರ ಹಳದಿ ಅಂದರೆ ನಯಗೊಳಿಸುವುದು, ಅವರಲ್ಲಿ ಕೆರೆಯುವುದು ನೀಲಿ! ಹಸಿರು ಅಂದರೆ ಹೋಗು, ಕೆಂಪು ಅಂದರೆ ನಿಲ್ಲು ಅಂತ ಜಗತ್ತೆಲ್ಲ ಒಪ್ಪಿಕೊಂಡಿದೆ, ಇವರಿಗೆ ಮಾತ್ರ ಒಂದು ಒಪ್ಪಂದ ಮಾಡಿಕೊಳ್ಳಲು ಆಗಿಲ್ಲ. ಅಂಗಡಿಯವನು "ಯೆಲ್ಲೋ ತಗೊಳಿ ಸಾರ್, ಫಾಸ್ಟ್ ಮೂವಿಂಗ್" ಅಂದರೆ ಯಾವ ಕಂಪನಿಯ ಯೆಲ್ಲೋ, ಯಾವ ಕೆಲಸಕ್ಕೆ ಅಂತ ಕೇಳಿ. ಇನ್ನೊಂದು, ಒಂದೇ ಪ್ಯಾಡಿನಲ್ಲಿ ಇಡೀ ಕಾರು ಮುಗಿಸುತ್ತೇನೆ ಅನ್ನಬೇಡಿ. ಫೋಮು ಪಾಲಿಶ್ ಹೀರಿ, ಕಾದು, ಅಂಬಲಿಯಾಗಿ ಕೂರುತ್ತದೆ. ಅದಕ್ಕೇ ಐದು.

ಬಾಟಲಿಗಳ ಕಥೆ ಚಿಕ್ಕದು. ಕಾಂಪೌಂಡ್ ಅಂದರೆ ಒರಟು, ಪಾಲಿಶ್ ಅಂದರೆ ನಯ, ವ್ಯಾಕ್ಸ್ ಅಂದರೆ ಕೆರೆಯುವುದೇ ಇಲ್ಲ, ಮೇಲೆ ಕೂತು ಕಾಯುತ್ತದೆ. ಕೆರೆಯುವ ಪುಡಿ ಬಹುತೇಕ ಅಲ್ಯೂಮಿನಿಯಂ ಆಕ್ಸೈಡ್. ಕೆಲವು ಪಾಲಿಶ್‌ಗಳಲ್ಲಿ ಪುಡಿ ಉಜ್ಜುತ್ತ ಉಜ್ಜುತ್ತ ಸಣ್ಣದಾಗುತ್ತದೆ, ಪೂರ್ತಿ ಸಣ್ಣದಾಗುವ ತನಕ ಉಜ್ಜಬೇಕು. ಮೆಗ್ವಾಯರ್ಸ್‌ನವರ 105, 205 ಥರದವುಗಳಲ್ಲಿ ಮೊದಲಿನಿಂದಲೂ ಒಂದೇ ಸಮ ಸಣ್ಣ ಪುಡಿ, ಸಾಕು ಅನ್ನಿಸಿದಾಗ ನಿಲ್ಲಿಸಬಹುದು. ಗೀರನ್ನು ತೆಗೆಯದೆ ಎಣ್ಣೆಯಿಂದ ತುಂಬಿ ಮುಚ್ಚುವ ಪಾಲಿಶ್‌ಗಳೂ ಇವೆ. ಎರಡು ಸಲ ತೊಳೆದರೆ ಗೀರು ಮತ್ತೆ ಹಾಜರ್. ಅದನ್ನು ಹಿಡಿಯಲು ಐಸೋಪ್ರೊಪೈಲ್ ಆಲ್ಕೋಹಾಲಿಗೆ ನೀರು ಬೆರೆಸಿ ಒರೆಸಬೇಕು, ಎಣ್ಣೆ ಹೋಗಿ ನಿಜ ಕಾಣುತ್ತದೆ. ಕೋವಿಡ್ ಕಾಲದ ಸ್ಯಾನಿಟೈಸರ್ ಬಾಟಲಿ ಉಳಿದಿದೆ ಅಂತ ಅದನ್ನು ಬಳಸಬೇಡಿ, ಅದರಲ್ಲಿ ಗ್ಲಿಸರಿನ್ ಇರುತ್ತದೆ.

ಇರಲಿ, ಊರಿಗೆ ಬರೋಣ.

ಮುಟ್ಟಿದ ದಿನ ಸಂಜೆ ಕಾರು ತೊಳೆದು ತಗಡಿನ ಶೆಡ್ಡಿನಲ್ಲಿ ನಿಲ್ಲಿಸಿ ಬಾನೆಟ್ಟಿನ ಮೇಲೆ ಟಾರ್ಚ್ ಬಿಟ್ಟೆ. ಬೆಳಕಿನ ಸುತ್ತ ಜೇಡರ ಬಲೆ. ಅಪ್ಪ ಬಗ್ಗಿ ನೋಡಿದರು.

"ಇವು ಎಲ್ಲಿವೋ ಗೀರು? ಗುಂಡಗ ಬಿದ್ದಾವಲ್ಲ."

"ಗುಂಡಗಿಲ್ರಿ ಅಪ್ಪಾ. ಎಲ್ಲಾ ದಿಕ್ಕಿಗೂ ಅದಾವು. ಬೆಳಕಿಗೆ ಅಡ್ಡ ಇದ್ದವು ಅಷ್ಟ ಹೊಳಿತಾವು, ಅದಕ್ಕ ಗುಂಡಗ ಕಾಣತಾವು."

"ಹ್ಯಾಂಗ ಬಿದ್ದುವು?"

ಈ ಪ್ರಶ್ನೆಗೆ ನಾನು ತಯಾರಾಗಿ ಬಂದಿರಲಿಲ್ಲ. ಬೂದಿ, ಧೂಳು, ಬೋರಿನ ನೀರು ಅಂತ ಸುತ್ತು ಬಳಸಿ, ಕಡೆಗೆ ಒಣ ಬಟ್ಟೆಯ ಮಾತಿಗೆ ಬಂದೆ. ಧೂಳಿನಲ್ಲಿ ಮರಳಿನ ಕಣ ಇರುತ್ತದೆ, ಒಣ ಬಟ್ಟೆಯಲ್ಲಿ ಉಜ್ಜಿದರೆ ಪಾಲಿಶ್ ಪೇಪರ್ ಉಜ್ಜಿದ ಹಾಗೆ ಅಂತ.

ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರ ಇಪ್ಪತ್ತ ವರ್ಷ ನಾನ ಕೆರದೀನಿ ಅನ್ನು" ಅಂದರು.

ನನಗೆ ಏನು ಹೇಳಬೇಕೋ ತಿಳಿಯಲಿಲ್ಲ. ಮಾತು ತಪ್ಪಿಸಲು ಬ್ಯಾಗಿನಿಂದ ದಪ್ಪ ಅಳೆಯುವ ಗೇಜ್ ತೆಗೆದೆ. ಅಂಗೈಯಗಲದ ಯಂತ್ರ, ತಗಡಿಗೆ ತಾಗಿಸಿದರೆ ಮೇಲಿರುವ ಬಣ್ಣದ ಒಟ್ಟು ದಪ್ಪ ಎಷ್ಟು ಅಂತ ತೋರಿಸುತ್ತದೆ. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲಿ ಒಂದು ಭಾಗ ಅನ್ನುತ್ತಿದ್ದಂತೆ ಮಾಸ್ತರಿಗೆ ಹುರುಪು ಬಂತು. ಒಳಗೆ ಹೋಗಿ ಹಳೆಯ ಹಾಜರಿ ಪುಸ್ತಕ, ಪೆನ್ನು ತಂದು ಕಾಲಂ ಹಾಕಿದರು. ನಾನು ಓದಿದೆ, ಅವರು ಬರೆದರು. ಟಾಪು 88. ಬಾನೆಟ್ಟು 92. ಬಲಗಡೆ ಮುಂದಿನ ಬಾಗಿಲು 97, ಹಿಂದಿನದು 95. ಡಿಕ್ಕಿ 91. ಎಡಗಡೆ ಹಿಂದಿನ ಬಾಗಿಲು 96.

ಎಡಗಡೆ ಮುಂದಿನ ಬಾಗಿಲು 640.

ಅಪ್ಪ ಬರೆಯಲಿಲ್ಲ. "ನಿನ್ನ ಮಶೀನ ಕೆಟ್ಟಿರಬೇಕು ನೋಡು."

ನಾನೂ ಹಾಗೇ ಅಂದುಕೊಂಡೆ. ಜೊತೆಗೆ ಕೊಟ್ಟ ತುಂಡಿನ ಮೇಲೆ ಮತ್ತೆ ಕ್ಯಾಲಿಬ್ರೇಟ್ ಮಾಡಿ ಅಳೆದೆ. 655. ಸ್ವಲ್ಪ ಕೆಳಗೆ 610. ಅದರ ಮುಂದಿನ ಮಡ್‌ಗಾರ್ಡ್ 580. ಅಷ್ಟರಲ್ಲಿ ಅವ್ವ ಊಟಕ್ಕೆ ಕರೆದಳು, ಅಪ್ಪ ಪುಸ್ತಕ ಮುಚ್ಚಿದರು.

ಮರುದಿನ ನಸುಕಿನ ಐದೂವರೆಗೆ ಶುರು. ತಗಡು ತಣ್ಣಗಿರುವಾಗಲೇ ಕೆಲಸ ಆಗಬೇಕು, ಹತ್ತು ಗಂಟೆಗೆ ನಮ್ಮೂರಿನ ಶೆಡ್ಡು ಒಲೆಯಾಗುತ್ತದೆ. ಮೊದಲು ಕ್ಲೇ, ಅಂದರೆ ಒಂಥರಾ ಜೇಡಿಮಣ್ಣಿನ ಉಂಡೆ. ಸೋಪಿನ ನೀರು ಹೊಡೆದು ಮೆಲ್ಲಗೆ ಜಾರಿಸಿದರೆ ತೊಳೆದರೂ ಹೋಗದೆ ಅಂಟಿಕೊಂಡ ಕಣಗಳು ಬರುತ್ತವೆ. ಉಂಡೆ ಎರಡೇ ನಿಮಿಷಕ್ಕೆ ಕರಿ ಕಂಬಳಿ ಬಣ್ಣ. ಬೋರಿನ ನೀರಿನ ಬಿಳಿ ಕಲೆಗಳಿಗೆ ವಿನಿಗರ್ ನೀರು ಹಾಕಿ ಒರೆಸಿದೆ, ಅರ್ಧ ಹೋದವು. ಉಳಿದವು ಬಣ್ಣವನ್ನೇ ತಿಂದು ಒಳಗಿಳಿದಿದ್ದವು. ಕರಿ ಪ್ಲಾಸ್ಟಿಕ್ ಬಂಪರ್, ರಬ್ಬರು, ಅಂಚುಗಳಿಗೆಲ್ಲ ಟೇಪ್ ಹಚ್ಚಿದೆ. ಒರಟು ಪ್ಲಾಸ್ಟಿಕ್ಕಿಗೆ ಪಾಲಿಶ್ ಒಮ್ಮೆ ಹತ್ತಿ ಒಣಗಿತೋ, ಬಿಳಿ ಬಿಳಿಯಾಗಿ ನಿಮ್ಮ ಹೆಸರು ಹೇಳುತ್ತಿರುತ್ತದೆ.

ಟ್ರಯಲ್ ಜಾಗ ಬಲಗಡೆ ಹಿಂದಿನ ಬಾಗಿಲು, ಎರಡು ಅಡಿ ಚೌಕ. ಇದೇ ಇಡೀ ಕೆಲಸದ ತಿರುಳು. ಎಲ್ಲಕ್ಕಿಂತ ಮೆತ್ತಗಿನ ಪ್ಯಾಡು, ಎಲ್ಲಕ್ಕಿಂತ ನಯದ ಪಾಲಿಶ್ ಹಾಕಿ ನೋಡಬೇಕು. ಸಾಲದಿದ್ದರೆ ಬಾಟಲಿ ಹಾಗೇ ಇಟ್ಟು ಪ್ಯಾಡು ಒಂದು ಮೆಟ್ಟಿಲು ಏರಿಸಬೇಕು. ಆಗಲೂ ಸಾಲದಿದ್ದರೆ ಬಾಟಲಿ ಬದಲಿಸಬೇಕು. ಸಾಕು ಅನ್ನಿಸಿದ ಕಡೆ ನಿಲ್ಲಿಸಿ, ಅದೇ ಜೋಡಿಯನ್ನು ಉಳಿದ ಕಾರಿಗೆ ಬಳಸಬೇಕು. ಮೊದಲೇ ಒರಟು ಜೋಡಿ ಹಿಡಿದು ಹೊರಡುವುದು ಅಂದರೆ ಪ್ರೊಡಕ್ಷನ್ ಸರ್ವರಿನಲ್ಲಿ ನೇರವಾಗಿ ಕೈಯಾಡಿಸಿದ ಹಾಗೆ. ಒಮ್ಮೊಮ್ಮೆ ನಡೆದುಹೋಗುತ್ತದೆ, ಅದೇ ಅಪಾಯ.

ಪ್ಯಾಡಿಗೆ ಕಡಲೆಕಾಳಿನಷ್ಟು ನಾಲ್ಕು ಹನಿ. ಮಶೀನು ಆಫ್ ಇರುವಾಗಲೇ ಬಾಗಿಲಿಗೆ ತಾಗಿಸಿ ಹರಡಿ (ಇಲ್ಲದಿದ್ದರೆ ಗೋಡೆ, ಅಂಗಿ, ಅವ್ವನ ತುಳಸಿಕಟ್ಟೆ ಎಲ್ಲಕ್ಕೂ ಪಾಲಿಶ್), ಆಮೇಲೆ ಆನ್ ಮಾಡಿ, ಒಂದು ಸೆಕೆಂಡಿಗೆ ಒಂದು ಇಂಚಿನಂತೆ ಎಳೆಯುತ್ತ ಹೋದೆ. ಒಂದರ ಮೇಲೊಂದು ಅರ್ಧ ಬರುವಂತೆ ಉದ್ದಕ್ಕೆ, ಆಮೇಲೆ ಅಡ್ಡಕ್ಕೆ. ಎತ್ತಿ ನೋಡಿದರೆ ಪ್ಯಾಡು ಕೆಂಪು! ಎದೆ ಧಸಕ್ಕೆಂದಿತು.

ಗಾಬರಿಯಾಗುವಂಥದ್ದೇನೂ ಅಲ್ಲ. ಈ ಬಾಗಿಲಿಗೆ ಕ್ಲಿಯರ್ ಕೋಟ್ ಇಲ್ಲ, ಬಣ್ಣವೇ ಕಡೆಯ ಪದರ ಅಂತ ಅರ್ಥ. ಬಿಸಿಲಿಗೆ ಸತ್ತ ಮೇಲಿನ ಬಣ್ಣ ಪುಡಿಯಾಗಿ ಪ್ಯಾಡಿಗೆ ಬರುತ್ತದೆ. ಪ್ಯಾಡು ಬೇಗ ತುಂಬಿಕೊಳ್ಳುವುದರಿಂದ ಪ್ರತಿ ಚೌಕಕ್ಕೂ ಬ್ರಶ್ಶಿನಿಂದ ಕೆದರಿ ಸ್ವಚ್ಛ ಮಾಡಬೇಕು, ಇಲ್ಲದಿದ್ದರೆ ಆ ಪುಡಿಯೇ ಹೊಸ ಗೀರು ಹಾಕುತ್ತದೆ. ಮೆತ್ತಗಿನ ಪ್ಯಾಡಿಗೆ ಗೀರು ಅಷ್ಟೇನೂ ಬಗ್ಗಲಿಲ್ಲ. ಅದೇ ಪಾಲಿಶ್, ನಡು ಫೋಮು ಹಾಕಿದೆ. ಒರೆಸಿ, ಆಲ್ಕೋಹಾಲ್ ಹೊಡೆದು, ಟಾರ್ಚ್ ಬಿಟ್ಟೆ. ಬಲೆ ಮುಕ್ಕಾಲು ಮಾಯ. ಗುಲಾಬಿಯ ನಡುವೆ ಒಂದು ಚೌಕ ಮಾತ್ರ 2004ರ ಕೆಂಪು, ಜೋಳದ ಹೊಲದಲ್ಲಿ ಕುಸುಬೆ ಹೂ ಬಿಟ್ಟಂತೆ. ಉಳಿದ ಕಾಲು ಭಾಗಕ್ಕೆ ಕಾಂಪೌಂಡ್ ತೆಗೆಯಬಹುದಿತ್ತು. 95 ಮೈಕ್ರಾನಿನಲ್ಲಿ ಪ್ರೈಮರೂ ಸೇರಿದೆ, ಇನ್ನೊಂದು ಸಲ ಯಾವಾಗಲಾದರೂ ಪಾಲಿಶ್ ಮಾಡಲು ಏನಾದರೂ ಉಳಿಯಬೇಕಲ್ಲ! ಒರಟು ಬಾಟಲಿಯನ್ನು ಬ್ಯಾಗಿನಲ್ಲೇ ಬಿಟ್ಟೆ.

ಅಪ್ಪ ಬಂದು ಆ ಚೌಕದ ಮೇಲೆ ಅಂಗೈ ಇಟ್ಟರು. ಏನೂ ಅನ್ನಲಿಲ್ಲ, ಹೋಗಿ ಮೈಕ್ರೋಫೈಬರ್ ಬಟ್ಟೆ ನಾಲ್ಕಾಗಿ ಮಡಚಿಕೊಂಡು ಬಂದು ಸಹಾಯಕ್ಕೆ ನಿಂತರು. ನಡುವೆ ಎರಡು ಸಲ ಕರೆಂಟು ಹೋಯಿತು. ಟಾಪು, ಬಾನೆಟ್ಟು, ಬಲಗಡೆ, ಡಿಕ್ಕಿ ಮುಗಿಯುವ ಹೊತ್ತಿಗೆ ಒಂಬತ್ತೂವರೆ.

ಎಡಗಡೆ ಮುಂದಿನ ಬಾಗಿಲಿಗೆ ಬಂದೆ. ಇದ್ದುದರಲ್ಲಿ ಅತಿ ಕೆಟ್ಟ ಬಾಗಿಲು ಇದೇ. ಆಳದ ಗೀರು, ಅದರ ಕೆಳಗೆ ಪಾಲಿಶ್ ಪೇಪರಿನ ನೇರ ಗೆರೆಗಳು. ಆದರೆ ದಪ್ಪ 640! ಇಲ್ಲಿ ಯಾಕೆ ಹೆದರಬೇಕು ಅಂತ ಗಟ್ಟಿ ಪ್ಯಾಡು, ಕಾಂಪೌಂಡ್ ಎರಡನ್ನೂ ಹೊರಗೆ ತೆಗೆದೆ.

"ಆ ಬಾಗಲಾ ಬಿಟ್ಟಬಿಡು" ಅಂದರು ಅಪ್ಪ.

"ಯಾಕ್ರಿ? ಅಲ್ಲೇ ಭಾಳ ದಪ್ಪ ಐತಲ್ರಿ."

"ಬಿಡು ಅಂದ್ನೆಲ್ಲ."

ಕಟ್ಟೆಯ ಮೇಲೆ ಚೆಂಡು ಹೂ ಪೋಣಿಸುತ್ತಿದ್ದ ಅವ್ವ ತಲೆ ಎತ್ತದೆ, "ಹೇಳ್ರಿ ಇನ್ನ. ಎಷ್ಟ ವರ್ಷಂತ ಮುಚ್ಚಿಡತೀರಿ?" ಅಂದಳು.

2018ರ ಜನವರಿ. ನನಗೆ ಐದನೆಯ ಸೆಮಿಸ್ಟರ್ ಪರೀಕ್ಷೆ, ಬೆಳಗಾವಿಯ ಹಾಸ್ಟೆಲಿನಲ್ಲಿದ್ದೆ. ಅಪ್ಪ ಅವ್ವ ಜಮಖಂಡಿಯಲ್ಲಿ ಒಂದು ಮದುವೆ ಮಾತುಕತೆ ಮುಗಿಸಿ ರಾತ್ರಿ ಬರುತ್ತಿದ್ದರಂತೆ. ದಾರಿಯಲ್ಲಿ ಕಬ್ಬು ಹೇರಿದ ಟ್ರೇಲರ್ ಕೆಟ್ಟು ನಿಂತಿತ್ತು. ಹಿಂದೆ ದೀಪ ಇಲ್ಲ, ರಿಫ್ಲೆಕ್ಟರ್ ಇಲ್ಲ. ನಮ್ಮ ಕಡೆ ಹಂಗಾಮಿನಲ್ಲಿ ರಾತ್ರಿ ಓಡಾಡಿದವರಿಗೆ ಇದೇನು ಅಂತ ಹೇಳಬೇಕಿಲ್ಲ, ಹತ್ತಿರ ಹೋಗುವ ತನಕ ಅದು ಕತ್ತಲೆಯ ಒಂದು ತುಂಡು. ಅಪ್ಪ ಬಲಕ್ಕೆ ಎಳೆದುಕೊಂಡರು, ಟ್ರೇಲರಿನ ಮೂಲೆ ಎಡಗಡೆಗೆ ಬಡಿಯಿತು. ಅವ್ವ ಕೂತಿದ್ದ ಕಡೆ.

ಅವ್ವನ ಎಡ ಮಣಿಕಟ್ಟು ಮುರಿದದ್ದು ನನಗೆ ಗೊತ್ತಿತ್ತು. "ಬಚ್ಚಲದಾಗ ಕಾಲ ಜಾರಿತು" ಅಂದಿದ್ದಳು. ನಾನು ಫೋನಿನಲ್ಲಿ, ಬಚ್ಚಲಿಗೆ ನುಣುಪು ಕಲ್ಲು ಬೇಡ, ಒರಟು ಕಲ್ಲು ಹಾಕಿಸಿ ಅಂತ ಉಪದೇಶ ಮಾಡಿದ್ದೆ. ಅಪ್ಪ ಹಾಕಿಸಿಯೂ ಇದ್ದರು! ರಜೆಗೆ ಬಂದಾಗ ಹೊಸ ಕಲ್ಲು ನೋಡಿ ನನ್ನ ಮಾತಿಗೂ ಬೆಲೆ ಇದೆ ಅಂತ ಹಿಗ್ಗಿದ್ದೆ. ಬಾಗಿಲಿನ ಬಣ್ಣ ಕೇಳಿದ್ದಕ್ಕೆ "ರಂಗ ಮಾಸಿತ್ತು, ಒಂದ ಕೈ ಹೊಡಿಸಿದೆ" ಅಂದಿದ್ದರು. ಆಮೇಲಿನಿಂದ ಅಪ್ಪ ಕತ್ತಲಾದ ಮೇಲೆ ಗಾಡಿ ತೆಗೆಯುವುದನ್ನು ಬಿಟ್ಟರು. ಕಣ್ಣು ಮಂದವಾಗಿದೆ ಅಂತ ಹೇಳಿದ್ದರು. ನಾನು ಚಶ್ಮಾ ಬದಲಿಸಿ ಅಂದಿದ್ದೆ.

"ನಿಂದು ಪರೀಕ್ಷಾ ಇದ್ದುವಲ್ಲೋ" ಅಂದರು ಅಪ್ಪ. ಆಮೇಲೆ, ಅದೇ ಈಗ ಮುಖ್ಯ ಅನ್ನುವ ಹಾಗೆ, "ಪೇಂಟರ್ ಪುಟ್ಟಿ ಭಾಳ ಹಾಕ್ಯಾನ. ನಾನ ರೊಕ್ಕಕ್ಕ ಜಗ್ಗಾಡಿದ್ದೆ. ಮ್ಯಾಲಿನ ಬಣ್ಣಾ ತೆಳ್ಳಗ ಹೊಡದೀನ್ರಿ ಮಾಸ್ತರ, ಉಜ್ಜಬ್ಯಾಡ್ರಿ ಅಂದಾನ."

ನನ್ನ ಕೈಯಲ್ಲಿದ್ದ ಪ್ಯಾಡು ನೋಡಿಕೊಂಡೆ. ಗೇಜ್ ಹೇಳುವುದು ಒಟ್ಟು ದಪ್ಪ, ಅದರಲ್ಲಿ ಪುಟ್ಟಿ ಎಷ್ಟು, ಬಣ್ಣ ಎಷ್ಟು ಅಂತ ಹೇಳುವುದಿಲ್ಲ. 640ರಲ್ಲಿ 600 ಪುಟ್ಟಿಯೇ ಇರಬಹುದು. ಈ ಮಾತು ಓದಿ ಗೊತ್ತಿತ್ತು, ನಂಬರ್ ದೊಡ್ಡದು ಕಂಡ ಕೂಡಲೇ ಮರೆತಿದ್ದೆ. ಕಾಂಪೌಂಡ್ ಹಚ್ಚಿದ್ದರೆ ಬೆಂಗಳೂರಿನ ನಾಣ್ಯದ ಜೊತೆಗೆ ಇಲ್ಲೊಂದು ತಟ್ಟೆ ಆಗುತ್ತಿತ್ತು.

ಎಲ್ಲಕ್ಕಿಂತ ಮೆತ್ತಗಿನ ಪ್ಯಾಡು, ನಯದ ಪಾಲಿಶ್, ಕಡಿಮೆ ಸ್ಪೀಡು. ಮಶೀನಿನ ಭಾರ ಬಿಟ್ಟು ಬೇರೆ ಒತ್ತಡ ಕೊಡದೆ ಎರಡೇ ಸುತ್ತು. ಪ್ಯಾಡಿಗೆ ಕೆಂಪು ಹತ್ತಲಿಲ್ಲ, ಅಂದರೆ ಆ ಪೇಂಟರ್ ತೆಳ್ಳಗಾದರೂ ಕ್ಲಿಯರ್ ಕೋಟ್ ಹೊಡೆದಿದ್ದ, ಪುಣ್ಯಾತ್ಮ. ಅಂಚುಗಳಿಗೆ ಮಶೀನು ತಾಗಿಸದೆ ಕೈಯಿಂದಲೇ ತಿಕ್ಕಿದೆ. ಹೊಳಪು ಬಂತು, ಗೀರು ಬಹುತೇಕ ಹಾಗೇ ಉಳಿದವು. ಹತ್ತು ಹೆಜ್ಜೆ ದೂರದಿಂದ ಕಾಣುವುದಿಲ್ಲ. ಟಾರ್ಚ್ ಬಿಟ್ಟರೆ ಕಾಣುತ್ತವೆ, ಬಿಡುವವರು ಯಾರು?

ಎಲ್ಲ ಮುಗಿದು ವ್ಯಾಕ್ಸ್ ಹಚ್ಚುವ ಮೊದಲು ಮತ್ತೆ ಅಳೆದೆವು. ಟಾಪು 86. ಬಾನೆಟ್ಟು 90. ಅಪ್ಪ ಹಳೆಯ ಕಾಲಮಿನ ಪಕ್ಕ ಹೊಸದು ಹಾಕಿ ಬರೆದು, ಮೂರನೆಯ ಕಾಲಮಿನಲ್ಲಿ ಕಳೆದು "2, 2" ಅಂತ ತುಂಬಿದರು. ಒಂದೆರಡು ಮೈಕ್ರಾನು ಈ ಗೇಜಿನಲ್ಲೇ ಹೆಚ್ಚು ಕಡಿಮೆ ಬರುತ್ತದೆ, ಅಷ್ಟು ನಂಬಬೇಡಿ ಅಂತ ಹೇಳಬೇಕೆಂದುಕೊಂಡೆ, ಹೇಳಲಿಲ್ಲ. ಕಡೆಗೆ ಖಾಲಿ ಬಿಟ್ಟಿದ್ದ ಸಾಲಿಗೆ ಬಂದು, ಕನ್ನಡಕ ಸರಿಮಾಡಿಕೊಂಡು 640 ಅಂತ ಬರೆದರು.

ಮರುದಿನ ಖಂಡೆ ಪೂಜೆ. ಅಪ್ಪ ಬೆಳಿಗ್ಗೆ ಚಹಾ ಕುಡಿದು ಅಭ್ಯಾಸ ಬಲದಿಂದ ಧೋತರದ ತುಂಡು ಹಿಡಿದು ಕಾರಿನ ಹತ್ತಿರ ಹೋಗಿ, ನಿಂತು, ಅದನ್ನು ಸೈಕಲ್ ಹ್ಯಾಂಡಲಿಗೆ ಸುತ್ತಿ ಬಂದರು. ಭಾವ ಬಂದವರು ಎರಡು ಸುತ್ತು ಹಾಕಿ, "ಏನ್ರಿ ಮಾಮಾರ, ಹೊಸಾದು ತಗೊಂಡ್ರೇನು?" ಅಂದರು. ಅವ್ವ ಬಾಳೆ ಗಿಡ ಕಟ್ಟಿಸಿ, ಮಾಲೆ ಹಾಕಿ, ಆರತಿ ಎತ್ತಿದಳು.

ಅಪ್ಪ ವಿಭೂತಿ ನೀರಿನಲ್ಲಿ ಕಲಸಿ ಮೂರು ಬೆರಳು ಅದ್ದಿ ಬಾನೆಟ್ಟಿನ ಹತ್ತಿರ ಒಯ್ದವರು, ನಡುವೆ ನಿಲ್ಲಿಸಿ ನನ್ನ ಕಡೆ ನೋಡಿದರು.

"ಇದೂ ಕೆರಿತೈತೇನೋ?"

"ಇಲ್ರಿ ಅಪ್ಪಾ, ಹಸಿ ಐತಲ್ಲ. ಎಳೀರಿ" ಅಂದೆ.